ಮೊದಲ ಸಾಲಿನ ಕಾಣಿಕೆ

1982ರ ಮಳೆಗಾಲದಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಮುಂಬಯಿಗೆ ಬಂದ ನನಗೆ ಮೊದಲ ಆಸರೆ ಸಿಕ್ಕಿದ್ದು ಪರೇಲಿನ ಒಂದು ಹಳೆಯ ಚಾಳಿನಲ್ಲಿ. ಮೇಲಿನ ಮಾಳಿಗೆಯ ಒಂದೇ ಖೋಲಿಯಲ್ಲಿ ನಾವು ಊರಿನ ಐದು ಮಂದಿ. ಮೊದಲ ಜೋರು ಮಳೆಗೇ ಮಾಡು ಸೋರತೊಡಗಿತು. ಮಾಲಕರ ಕಡೆಯ ಮಿಸ್ತ್ರಿಯೊಬ್ಬ ಏಣಿ ಹತ್ತಿ ನೋಡಿ, ಇದು ಮಂಗಳೋರಿ ಕೌಲು, ಇದಕ್ಕೆ ಏನೂ ಆಗುವುದಿಲ್ಲ, ಕೆಳಗಿನ ರೀಪು ಕೊಳೆತಿದೆ ಅಷ್ಟೇ ಎಂದು ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಹೇಳಿದ. ಮರಾಠಿಯಲ್ಲಿ ಕೌಲು ಎಂದರೆ ಹಂಚು. ಅವನು ಕೆಳಗೆ ಕೊಟ್ಟ ಹಂಚೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಅದರ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಎಂಬ ಅಚ್ಚು ಇತ್ತು.

ನನಗೆ ಥಟ್ಟನೆ ಅಜ್ಜನ ಕೈ ನೆನಪಾಯಿತು. ಅಜ್ಜ ಮಂಗಳೂರಿನ ಜೆಪ್ಪು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ತಂದೆಯೂ ಅಲ್ಲೇ ದುಡಿದವರು. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಇದು ಮಾಡಿಗೆ ಆದೀತು, ಇದು ಆಗದು ಎಂದು ಅಜ್ಜ ಹೇಳುತ್ತಿದ್ದರು. ಊರಿನಿಂದ ಸುಮಾರು 900 ಕಿಲೋಮೀಟರ್ ದೂರ ಬಂದು, ಯಾರೂ ಪರಿಚಯವಿಲ್ಲದ ಪಟ್ಟಣದಲ್ಲಿ, ನನಗಿಂತ ಎಷ್ಟೋ ಮೊದಲೇ ಹಡಗಿನಲ್ಲಿ ಬಂದು ಕುಳಿತಿದ್ದ ಊರಿನ ಮಣ್ಣಿನ ಕೆಳಗೆ ನಾನು ಮಲಗಿದ್ದೆ ಎಂದು ತಿಳಿದು ಒಂಥರಾ ಧೈರ್ಯ ಬಂತು.

ನಮ್ಮ ಬಗ್ಗೆ ಎರಡು ಮಾತು ಹೇಳಬೇಕು. ಮಂಗಳೂರಿನ ಕ್ರೈಸ್ತರೆಂದರೆ ಘಟ್ಟದ ಮೇಲಿನವರಿಗೆ ಕೊಂಕಣಿ ಮಾತಾಡುವ ಕಥೋಲಿಕರು ನೆನಪಿಗೆ ಬರುತ್ತಾರೆ. ನಾವು ಪ್ರೊಟೆಸ್ಟಂಟರು, ಸಣ್ಣ ಸಮುದಾಯ. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಬಾಸೆಲ್ ಮಿಶನ್ನಿನ ಅಯ್ಯನವರುಗಳ ಕಾಲದಲ್ಲಿ ಕ್ರೈಸ್ತರಾದ ಮನೆತನಗಳು ನಮ್ಮವು. ಮೂವತ್ತೇಳು ವರ್ಷ ನಾನು ಬೇರೆಯವರ ಹಣ ಎಣಿಸಿದೆ. 2019ರಲ್ಲಿ ನಿವೃತ್ತನಾಗಿ ನನ್ನದೇ ಹಣವನ್ನು ಮುಂದಿಟ್ಟುಕೊಂಡು ಕುಳಿತಾಗ, ಆ ಹಂಚಿನ ಹಿಂದೆ ಇದ್ದ ಹಣದ ಚರಿತ್ರೆಯನ್ನು ಒಮ್ಮೆ ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿತು. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಾಸೆಲ್ ಮಿಶನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. 1833ರ ಸನ್ನದು ಕಾಯಿದೆಯಿಂದ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದಿನದು ನಾಡಿಗೆ ಗೊತ್ತಿರುವ ಕಥೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಅದೇ ಮಿಶನ್ನಿನ ಮುದ್ರಣಾಲಯದಲ್ಲಿ ಅಚ್ಚಾಯಿತು. ಶಾಲೆಗಳು, ಆಸ್ಪತ್ರೆ, ಅನಾಥಾಲಯ ಎಲ್ಲ ಬಂದವು. ಕನ್ನಡ ಸಾಹಿತ್ಯದ ಚರಿತ್ರೆ ಬರೆಯುವವರು ಇಷ್ಟನ್ನು ಬರೆಯುತ್ತಾರೆ. ಬ್ಯಾಂಕಿನವನಾದ ನನಗೆ ಮಾತ್ರ ಮೊದಲು ಏಳುವ ಪ್ರಶ್ನೆ ಬೇರೆ: ಇದಕ್ಕೆಲ್ಲ ದುಡ್ಡು ಯಾರು ಕೊಟ್ಟರು ಮಾರಾಯ್ರೇ?

ಸರಕಾರದ ಖಜಾನೆಯಿಂದ ಬಂದಿರಬೇಕು, ಇಲ್ಲವೇ ಯಾರೋ ದೊಡ್ಡ ಶ್ರೀಮಂತರು ಕೊಟ್ಟಿರಬೇಕು ಎಂದು ನಾನೂ ತಿಳಿದಿದ್ದೆ. ಬಾಸೆಲಿನಲ್ಲಿ ಶ್ರೀಮಂತರು ಇದ್ದದ್ದು ನಿಜ. ಅದು ರೇಷ್ಮೆ ಪಟ್ಟಿ ನೇಯುವ ಉದ್ಯಮದಿಂದ ಬೆಳೆದ ಪಟ್ಟಣ. ಅಲ್ಲಿನ ಹಲವು ವರ್ತಕ ಮನೆತನಗಳು ದೈವಭಕ್ತಿಗೂ ಲೆಕ್ಕಾಚಾರಕ್ಕೂ ಹೆಸರಾದವು. ಆದರೆ 1850ರ ದಶಕದ ಮಧ್ಯದಲ್ಲಿ ಮಿಶನ್ನಿಗೆ ಹಣದ ಮುಗ್ಗಟ್ಟು ಬಂದಾಗ, ಅಂಥದೇ ಮನೆತನದ ರೇಷ್ಮೆ ಪಟ್ಟಿಯ ಉದ್ಯಮಿ, ನಗರದ ಆಡಳಿತದಲ್ಲೂ ಇದ್ದ ಕಾರ್ಲ್ ಸರಾಸಿನ್, ದೊಡ್ಡ ಚೆಕ್ಕುಗಳ ಬೆನ್ನು ಹತ್ತಲಿಲ್ಲ. ವಾರಕ್ಕೆ ಅರ್ಧ ಬಾಟ್ಸೆನ್ ಕೊಡುವ ಮನೆಗಳನ್ನು ಹುಡುಕಿದರು. ಒಂದು ಬಾಟ್ಸೆನ್ ಎಂದರೆ ಹತ್ತು ರಾಪೆನ್. ಅರ್ಧ ಎಂದರೆ ಐದು, ಅಂದರೆ ಒಂದು ಫ್ರಾಂಕಿನ ಇಪ್ಪತ್ತನೇ ಒಂದು ಭಾಗ. ಒಬ್ಬೊಬ್ಬ ಸಂಗ್ರಾಹಕರಿಗೆ ಕೆಲವೇ ಮನೆಗಳು. ವಾರ ವಾರ ಹೋಗಿ ಆ ಚಿಲ್ಲರೆ ತಂದು ಒಟ್ಟು ಮಾಡಬೇಕು. ರೈತರು, ಮನೆಗೆಲಸದ ಹೆಂಗಸರು, ಮಗ್ಗದ ಕೆಲಸದವರು, ಹೀಗೆ ಸ್ವಿಜರ್ಲೆಂಡಿನಲ್ಲೂ ದಕ್ಷಿಣ ಜರ್ಮನಿಯಲ್ಲೂ ಸಾವಿರಾರು ಬಡ ಮನೆಗಳಿಂದ ಆ ಹಣ ಬಂತು. ಅರ್ಧ ಬಾಟ್ಸೆನ್ ಸಂಗ್ರಹ ಎಂದೇ ಅದಕ್ಕೆ ಹೆಸರಾಯಿತು.

ಇದನ್ನು ಓದಿದಾಗ ನನಗೆ ನಗು ಬಂತು. ಯಾಕೆಂದರೆ ಇದು ನಮ್ಮ ಪಿಗ್ಮಿ! 1928ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಗೆಳೆಯರ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದ ಯೋಜನೆ ಅದು. ಏಜೆಂಟನು ದಿನವೂ ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಎರಡಾಣೆಯಿಂದ ತೊಡಗಿ ಠೇವಣಿ ಕಟ್ಟಿಸಿಕೊಳ್ಳುತ್ತಿದ್ದ. ಬಡವರ ಕೈಯಲ್ಲಿ ಉಳಿತಾಯವೇ ಇಲ್ಲ ಎಂದು ದೊಡ್ಡ ಬ್ಯಾಂಕುಗಳು ಅಂದುಕೊಂಡಿದ್ದ ಕಾಲದಲ್ಲಿ ಉಡುಪಿಯವರು ಆ ಎರಡಾಣೆಯ ಮೇಲೆ ಬ್ಯಾಂಕು ಕಟ್ಟಿದರು. ವಿಧಾನ ಒಂದೇ: ಸಣ್ಣ ಮೊತ್ತ, ಗೊತ್ತಾದ ದಿನ, ಬಾಗಿಲಿಗೆ ಬರುವ ಮನುಷ್ಯ. ಒಂದೇ ವ್ಯತ್ಯಾಸ. ಪಿಗ್ಮಿ ಹಣ ಬಡ್ಡಿ ಸಮೇತ ಕಟ್ಟಿದವನಿಗೇ ವಾಪಸು ಬರುತ್ತದೆ. ಅರ್ಧ ಬಾಟ್ಸೆನ್ ಕೊಟ್ಟ ಹೆಂಗಸು ಅದು ಹೋಗಿ ಸೇರುವ ಮಂಗಳೂರನ್ನು ಜನ್ಮದಲ್ಲಿ ನೋಡುವವಳಲ್ಲ. ಬೈಬಲಿನಲ್ಲಿ ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗ ಇದೆಯಲ್ಲ, ಸಣ್ಣಂದಿನಿಂದ ಭಾನುವಾರದ ಶಾಲೆಯಲ್ಲಿ ಕೇಳುತ್ತ ಬಂದದ್ದು, ಅದು ನನಗೆ ಮೊದಲ ಬಾರಿ ಲೆಕ್ಕದ ಪುಸ್ತಕದಲ್ಲಿ ಕಂಡಿತು.

ಇನ್ನು ಹಂಚಿನ ವಿಷಯ. ಧರ್ಮಪ್ರಚಾರಕ್ಕೆ ಬಂದವರು ಕಾರ್ಖಾನೆ ಯಾಕೆ ಹಾಕಿದರು? ಅಂದಿನ ತುಳುನಾಡಿನಲ್ಲಿ ಒಬ್ಬ ಕ್ರೈಸ್ತನಾದ ಎಂದರೆ ಅವನ ಬದುಕಿನ ದಾರಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಮನೆಯವರು ಹೊರಗಿಡುತ್ತಿದ್ದರು, ಗೇಣಿಯ ಭೂಮಿ ಕೈಬಿಡುತ್ತಿತ್ತು. ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಅವರಲ್ಲಿ ಅನೇಕರ ಕಸುಬು ಮೂರ್ತೆ, ಅಂದರೆ ಕಳ್ಳು ಇಳಿಸುವುದು. ಸಭೆಯ ನಿಯಮ ಅದನ್ನು ಒಪ್ಪುತ್ತಿರಲಿಲ್ಲ. ಕಸುಬು ಬಿಡಿ ಎಂದು ಹೇಳಿದವರೇ ಹೊಟ್ಟೆಗೆ ದಾರಿಯನ್ನೂ ತೋರಿಸಬೇಕಲ್ಲ. ಕೆಲವು ಕಸುಬುಗಳು ಕೈಹಿಡಿಯಲಿಲ್ಲ. 1851ರಲ್ಲಿ ಹಾಲರ್ ಎಂಬವರು ಬಂದು ಶುರು ಮಾಡಿದ ನೇಯ್ಗೆ ಹಿಡಿಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಡದ ಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಮೊದಲು ಎತ್ತಿನ ಬಲ, ಆಮೇಲೆ ಹಬೆಯ ಯಂತ್ರ. ಮುಂದೆ ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡು, ಫೆರೋಕ್ ಕಡೆಗೂ ಕಾರ್ಖಾನೆಗಳು ಹಬ್ಬಿದವು. ಇತರರೂ ನೋಡಿ ಕಲಿತು ಹಾಕಿದರು. ಮುಳಿಹುಲ್ಲಿನ ಮಾಡುಗಳು ಹೋಗಿ ಕೆಂಪು ಮಾಡುಗಳು ಬಂದವು. ಆ ಹಂಚು ಹಡಗು ಹತ್ತಿ ಮುಂಬಯಿಗೂ ಬಂತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾರ್ಖಾನೆ ಎಂದ ಮೇಲೆ ಲಾಭ ಬರುತ್ತದೆ. ಆ ಲಾಭ ಯಾರದ್ದು? ಬಾಸೆಲಿನ ಭಕ್ತರಲ್ಲೇ ಇದರ ಬಗ್ಗೆ ಜಗ್ಗಾಟ ಇತ್ತು. ಸುವಾರ್ತೆ ಸಾರಲು ಹೋದವರು ತಕ್ಕಡಿ ಹಿಡಿದು ಕೂರುವುದು ಸರಿಯೇ ಎಂದು ಕೆಲವರು ಕೇಳುತ್ತಿದ್ದರು. 1859ರಲ್ಲಿ ಒಂದು ದಾರಿ ಕಂಡುಕೊಂಡರು. ಮಿಶನ್ ವ್ಯಾಪಾರ ಕಂಪನಿ ಎಂದು ಪ್ರತ್ಯೇಕ ಷೇರು ಕಂಪನಿ ಮಾಡಿದರು. ಬಾಸೆಲಿನ ವರ್ತಕರು ಷೇರು ಹಾಕಿದರು. ಆದರೆ ಷೇರುದಾರರ ಲಾಭಾಂಶಕ್ಕೆ ಮಿತಿ ಹಾಕಿದರು. ಅದಕ್ಕಿಂತ ಮೇಲೆ ಬಂದ ಲಾಭದಿಂದ ಮಿಶನ್ನಿನ ಕೆಲಸ ನಡೆಯಬೇಕು. ಮಂಗಳೂರಿನ ಕಾರ್ಖಾನೆಗಳೂ ಮುಂದೆ ಈ ಕಂಪನಿಯ ಕೈಗೆ ಬಂದವು. ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಇದೇ ಕಂಪನಿ ವ್ಯಾಪಾರ ಮಾಡುತ್ತಿತ್ತು. ಅಲ್ಲಿ ಬೇರೆ ಯುರೋಪಿಯನ್ ವರ್ತಕರಿಗೆ ಸಾರಾಯಿ ಮತ್ತು ಬಂದೂಕು ಒಳ್ಳೆಯ ಲಾಭದ ಸರಕು. ಈ ಕಂಪನಿ ಅವೆರಡನ್ನೂ ಮಾರಲಿಲ್ಲ.

ಎಂ.ಕಾಂ. ಓದುವಾಗ ನಮಗೆ ಲಾಭಾಂಶದ ಪಾಠದಲ್ಲಿ ರೆಸಿಡ್ಯುಯಲ್ ಥಿಯರಿ ಅಂತ ಒಂದು ಇತ್ತು. ಕಂಪನಿ ತನ್ನ ಹೂಡಿಕೆಗಳಿಗೆಲ್ಲ ಹಣ ತೆಗೆದಿಟ್ಟು, ಏನಾದರೂ ಮಿಕ್ಕಿದರೆ ಅದನ್ನು ಷೇರುದಾರರಿಗೆ ಹಂಚುವುದು. ಮಿಕ್ಕದಿದ್ದರೆ ಇಲ್ಲ. ಕೊಡುವುದು ಯಾವಾಗಲೂ ಕೊನೆಯ ಸಾಲು. ನಮ್ಮಲ್ಲಿ ಹೆಚ್ಚಿನವರು ಧರ್ಮಕ್ಕೆ ಕೊಡುವುದೂ ಹೀಗೆಯೇ ತಾನೇ? ಬಾಸೆಲಿನವರು ಅದನ್ನು ತಿರುಗಿಸಿ ಹಾಕಿದ್ದರು. ತಮ್ಮ ಪಾಲು ಇಷ್ಟೇ ಎಂದು ಮೊದಲೇ ಗೆರೆ ಎಳೆದು, ಬೆಳೆಯುವುದೆಲ್ಲ ಆಚೆಗೆ ಹೋಗಲಿ ಎಂದರು.

ಇದೇ ಮಾತನ್ನು ನಾನು ಇನ್ನೊಂದು ಕಡೆಯಿಂದ ಕೇಳಿದ್ದು ಮುಂಬಯಿಯಲ್ಲಿ. ಊರಲ್ಲೇ ಇದ್ದಿದ್ದರೆ ಕೇಳುತ್ತಿರಲಿಲ್ಲವೋ ಏನೋ. ಇಲ್ಲಿನ ನಮ್ಮ ಕನ್ನಡ ಸಭೆಯಲ್ಲಿ ಮಂಗಳೂರು, ಉಡುಪಿಯ ಬಾಸೆಲ್ ಮನೆತನದವರಷ್ಟೇ ಅಲ್ಲ, ಬೀದರ್, ಕಲಬುರಗಿ ಕಡೆಯ ಮೆಥೊಡಿಸ್ಟರೂ ಇದ್ದರು. ಊರಿನಲ್ಲಿ ಒಬ್ಬರಿಗೊಬ್ಬರು ಮುಖ ನೋಡದ ನಾವು ಇಲ್ಲಿ ಕನ್ನಡ ಎಂಬ ಒಂದೇ ಹಗ್ಗದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತೆವು. ಅವರ ಕನ್ನಡ ನಮಗೆ ತಮಾಷೆ, ನಮ್ಮ ಕನ್ನಡ ಅವರಿಗೆ ಪುಸ್ತಕ ಓದಿದ ಹಾಗೆ. ಬೀದರಿನ ಕಡೆಯ ಹಿರಿಯರೊಬ್ಬರು, ರೈಲ್ವೆಯಲ್ಲಿದ್ದವರು, ಒಂದು ದಿನ ಕೇಳಿದರು: "ಏನ್ರೀ ಬ್ಯಾಂಕಿನವರೆ, ವೆಸ್ಲಿಯ ಲೆಕ್ಕ ಗೊತ್ತದ ಏನು ನಿಮಗ?" ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು.

ಮೆಥೊಡಿಸ್ಟ್ ಪಂಥಕ್ಕೆ ಮೂಲಪುರುಷ ಇಂಗ್ಲೆಂಡಿನ ಜಾನ್ ವೆಸ್ಲಿ. 1703ರಲ್ಲಿ ಹುಟ್ಟಿ 1791ರಲ್ಲಿ ತೀರಿಕೊಂಡವರು. ಆಕ್ಸ್‌ಫರ್ಡಿನ ಒಬ್ಬ ಯುವಕನ ಬಗ್ಗೆ ಅವರು ಒಂದು ಕಡೆ ಬರೆದಿದ್ದಾರೆ. ಅದು ಅವರದ್ದೇ ಕಥೆ ಎಂದು ತಿಳಿದವರು ಹೇಳುತ್ತಾರೆ. ಮೊದಲ ವರ್ಷ ಆ ಯುವಕನ ಆದಾಯ 30 ಪೌಂಡು. 28ರಲ್ಲಿ ಬದುಕಿ 2 ದಾನ ಕೊಟ್ಟ. ಮರುವರ್ಷ ಆದಾಯ 60 ಆಯಿತು. ಖರ್ಚು ಅದೇ 28, ದಾನ 32. ಮೂರನೇ ವರ್ಷ 90, ದಾನ 62. ನಾಲ್ಕನೇ ವರ್ಷ 120, ದಾನ 92. ಮುಂದೆ ಪುಸ್ತಕಗಳ ಮಾರಾಟದಿಂದ ವೆಸ್ಲಿಯವರಿಗೆ ಸಾಕಷ್ಟು ಹಣ ಬಂತು, ಅದನ್ನೂ ಕೊಟ್ಟುಬಿಟ್ಟರು. 1776ರಲ್ಲಿ ತೆರಿಗೆಯವರು ಮನೆಯ ಬೆಳ್ಳಿ ಸಾಮಾನುಗಳ ಲೆಕ್ಕ ಕೇಳಿದಾಗ, ಲಂಡನ್ನಿನಲ್ಲಿ ಎರಡು ಚಮಚ, ಬ್ರಿಸ್ಟಲಿನಲ್ಲಿ ಎರಡು ಚಮಚ ಇವೆ, ಸುತ್ತಲಿನ ಜನರಿಗೆ ರೊಟ್ಟಿ ಇಲ್ಲದಿರುವಾಗ ಇನ್ನಷ್ಟು ಕೊಳ್ಳುವುದಿಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ಹಣದ ಬಳಕೆಯ ಬಗ್ಗೆ ಅವರ ಪ್ರಸಿದ್ಧ ಪ್ರಸಂಗವೊಂದಿದೆ. ಸಂಪಾದಿಸುವುದು, ಉಳಿಸುವುದು, ಕೊಡುವುದು ಎಂದು ಮೂರು ಮೆಟ್ಟಿಲು. ಸಂಪಾದನೆಗೂ ಷರತ್ತು ಉಂಟು: ನೆರೆಯವನಿಗೆ ಕೆಡುಕಾಗುವ ವ್ಯಾಪಾರ ಸಲ್ಲದು. ಮೊದಲ ಎರಡು ಮೆಟ್ಟಿಲು ಹತ್ತಿ ಮೂರನೆಯದನ್ನು ಬಿಟ್ಟವನು ಏನನ್ನೂ ಮಾಡಿದ ಹಾಗಲ್ಲ ಎಂಬುದು ಅದರ ತಾತ್ಪರ್ಯ.

ವೆಸ್ಲಿಯವರಿಗೆ ವಯಸ್ಸಾದ ಮೇಲೆ ಒಂದು ಭಯ ಕಾಡುತ್ತಿತ್ತು. ಭಕ್ತಿ ಬಂದರೆ ಮನುಷ್ಯ ದುಡಿಯುತ್ತಾನೆ, ದುಂದು ಬಿಡುತ್ತಾನೆ. ಹಾಗಾದರೆ ಹಣ ಸೇರುತ್ತದೆ. ಹಣ ಸೇರಿದರೆ ಭಕ್ತಿ ಕರಗುತ್ತದೆ. ಅಂದರೆ ಭಕ್ತಿ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಇದರಿಂದ ಪಾರಾಗಲು ಅವರಿಗೆ ಕಂಡ ಒಂದೇ ದಾರಿ ಕೊಡುವುದು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1904-05ರಲ್ಲಿ ಪ್ರೊಟೆಸ್ಟಂಟ್ ಧರ್ಮಕ್ಕೂ ಬಂಡವಾಳಶಾಹಿಗೂ ಇರುವ ನಂಟಿನ ಬಗ್ಗೆ ಬರೆದಾಗ ವೆಸ್ಲಿಯವರ ಈ ಮಾತನ್ನೇ ಎತ್ತಿ ತೋರಿಸಿದ್ದಾರೆ.

ಹೀಗೆ ಹೇಳಿದರೆ ಎಲ್ಲವೂ ಚಂದವೇ ಆಗಿತ್ತು ಅಂತ ಓದುಗರು ತಿಳಿಯಬಾರದು. ಮಂಗಳೂರಿನಲ್ಲಿ ಕೆಲಸ ಕೊಡುವವರೂ ಮಿಶನ್ನಿನವರೇ, ಇರಲು ಜಾಗ ಕೊಡುವವರೂ ಅವರೇ, ಭಾನುವಾರ ಪ್ರಸಂಗ ಮಾಡುವವರೂ ಅವರೇ. ಮೂರೂ ಒಂದೇ ಕೈಯಲ್ಲಿದ್ದರೆ ಕೂಲಿಯವನು ಎದುರು ಮಾತಾಡುವುದು ಹೇಗೆ? ಕೆಲಸದ ಆಸೆಗೆ ಸೇರಿದವರು ಎಂದು ಹೊರಗಿನವರು ನಮ್ಮ ಹಿರಿಯರನ್ನು ಹೀಯಾಳಿಸಿದ್ದೂ ಉಂಟು. ಆ ಮಾತಿನ ನೋವು ನಮ್ಮ ಮನೆಗಳಲ್ಲಿ ಇಂದಿಗೂ ಪೂರ್ತಿ ಆರಿಲ್ಲ. ಕಾರ್ಖಾನೆಯಲ್ಲಿ ಉಳಿತಾಯಕ್ಕೆ, ಕಾಯಿಲೆಯ ಕಾಲದ ನೆರವಿಗೆ ಏರ್ಪಾಡು ಇತ್ತು. ಆ ಕಾಲಕ್ಕೆ ಅದು ದೊಡ್ಡ ವಿಷಯವೇ. ಆದರೂ ಲಾಭದ ಲೆಕ್ಕ ಬಾಸೆಲಿನಲ್ಲಿ ತೀರ್ಮಾನವಾಗುತ್ತಿತ್ತು, ಬೆವರು ಜೆಪ್ಪುವಿನಲ್ಲಿ ಸುರಿಯುತ್ತಿತ್ತು. ಗೆರೆ ಎಳೆದವರು ಷೇರುದಾರರು. ಗೆರೆ ಎಲ್ಲಿ ಎಳೆಯಬೇಕೆಂದು ಹಂಚು ಹೊತ್ತವರನ್ನು ಯಾರೂ ಕೇಳಲಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಮಿಶನ್ ಸ್ವಿಸ್ ಆದರೂ ಅದರಲ್ಲಿದ್ದವರಲ್ಲಿ ಬಹಳ ಮಂದಿ ಜರ್ಮನರು. ಬ್ರಿಟಿಷ್ ಸರಕಾರ ಅವರನ್ನು ಶತ್ರುಗಳೆಂದು ಹಿಡಿಯಿತು. ಅಹಮದ್‌ನಗರದ ಬಂಧನ ಶಿಬಿರದಲ್ಲಿಟ್ಟು, ಆಮೇಲೆ ಅವರ ದೇಶಕ್ಕೆ ಕಳಿಸಿತು. ಆ ಊರಿಗೆ 2024ರಲ್ಲಿ ಅಹಿಲ್ಯಾನಗರ ಎಂದು ಹೆಸರಾಗಿದೆ. ನಾನು ಎರಡು ವರ್ಷ ಅಲ್ಲಿನ ಶಾಖೆಯಲ್ಲಿದ್ದೆ. ಅಲ್ಲಿನ ಕೋಟೆಯನ್ನು ಜನ ನೋಡುವುದು 1942ರಿಂದ ನೆಹರೂ ಅವರನ್ನು ಸೆರೆಯಲ್ಲಿಟ್ಟ ಜಾಗವೆಂದು. ನನ್ನ ಅಜ್ಜನಿಗೆ ಸಂಬಳ ಬಟವಾಡೆ ಮಾಡಿದ್ದ ಅಯ್ಯನವರುಗಳನ್ನೂ ಇದೇ ಊರಿಗೆ ತಂದಿದ್ದರು ಎಂಬುದು ಆಗ ನನಗೆ ಗೊತ್ತೇ ಇರಲಿಲ್ಲ. ದಿನಾ ಅದೇ ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. 1919ರಲ್ಲಿ ಅವುಗಳನ್ನು ನಡೆಸಲು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿ ಬಂತು. ಯುದ್ಧದ ಮುಂಚೆ ಹುಡುಗನಾಗಿ ಕೆಲಸಕ್ಕೆ ಸೇರಿದ್ದ ಅಜ್ಜ ಹೊಸ ಧಣಿಗಳ ಕೆಳಗೆ ಅದೇ ಹಂಚನ್ನು ತಟ್ಟುತ್ತ ಮುಂದುವರಿದರು. "ಧಣಿ ಬದಲಾದ, ಆವೆ ಬದಲಾಗಲಿಲ್ಲ" ಎನ್ನುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಊರಿನ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಲೆಕ್ಕದ ಪುಸ್ತಕವೊಂದು ಸಿಕ್ಕಿತು. 1930ರ ದಶಕದ್ದು. ಅಂಚು ಗೆದ್ದಲು ತಿಂದಿದ್ದರೂ ಬರಹ ಸ್ಪಷ್ಟವಾಗಿದೆ. ಪ್ರತಿ ತಿಂಗಳ ಪುಟದಲ್ಲೂ ಮೊದಲ ಸಾಲು ಒಂದೇ: ಕಾಣಿಕೆ. ಅದರ ಕೆಳಗೆ ಅಕ್ಕಿ, ಮೀನು, ಸೀಮೆಎಣ್ಣೆ, ಮಕ್ಕಳ ಶಾಲೆಯ ಫೀಸು. ಕೆಲವು ತಿಂಗಳು ಮೀನಿನ ಎದುರು ಸೊನ್ನೆ ಇದೆ. ಎರಡು ಕಡೆ ಅಂಗಡಿಯ ಸಾಲ ಎಂದು ಬರೆದಿದ್ದಾರೆ. ಕಾಣಿಕೆಯ ಎದುರು ಎಂದೂ ಸೊನ್ನೆ ಇಲ್ಲ. ಮೊತ್ತ ಆಣೆಗಳಲ್ಲಿ, ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಜಾಗ ಬದಲಾಗಿಲ್ಲ. ಬಾಸೆಲಿನ ಆ ಅರ್ಧ ಬಾಟ್ಸೆನಿನ ಹೆಂಗಸಿನಿಂದ ಹಣ ಪಡೆದ ಸಭೆಯಲ್ಲಿ ಬೆಳೆದ ಮನುಷ್ಯ, ತನ್ನ ಪುಸ್ತಕದಲ್ಲಿ ಅದೇ ಜಾಗವನ್ನು ಉಳಿಸಿಕೊಂಡಿದ್ದರು.

ನನ್ನ ಲೆಕ್ಕದ ಪುಸ್ತಕ ಹೇಗಿತ್ತು? ಹೇಳಲು ನಾಚಿಕೆಯಾಗುತ್ತದೆ. ಚಾಳಿನಲ್ಲಿದ್ದಾಗ ಸಂಬಳದ ಹತ್ತನೇ ಒಂದು ಪಾಲು, ಅಂದರೆ ದಶಮಾಂಶ, ತಪ್ಪದೆ ಕೊಡುತ್ತಿದ್ದೆ. ಅದು 1982, ಗಿರಣಿ ಮುಷ್ಕರದ ವರ್ಷ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಕೂತಿದ್ದರು. ನಮ್ಮ ಚಾಳಿನಲ್ಲಿ ಒಂದೊಂದೇ ಮನೆಯ ತಾಮ್ರದ ಹಂಡೆ ಮಾರಾಟಕ್ಕೆ ಹೋಗುತ್ತಿತ್ತು. ಅಷ್ಟಾದರೂ ಪಕ್ಕದ ಖೋಲಿಯ ಮರಾಠಿ ತಾಯಿ, ಜ್ವರದಿಂದ ಮಲಗಿದ್ದ ನನಗೆ ಒಂದು ವಾರ ಗಂಜಿ ಕೊಟ್ಟರು. ಅಂಥ ಜನರ ನಡುವೆ ಇದ್ದಾಗ ಕೊಡುವುದು ಕಷ್ಟವೆನಿಸಲಿಲ್ಲ. ಮುಂದೆ ಮದುವೆ, ಮಗ, ಅಧಿಕಾರಿಯಾಗಿ ಬಡ್ತಿ, ಡೊಂಬಿವಿಲಿಯಲ್ಲಿ ಫ್ಲಾಟು. ಸಾಲದ ಕಂತು ಶುರುವಾದ ತಿಂಗಳು, ಈ ಒಂದು ತಿಂಗಳು ಕಡಿಮೆ ಕೊಡೋಣ ಅಂತ ಕಾಣಿಕೆಯನ್ನು ಕೆಳಗಿನ ಸಾಲಿಗೆ ಇಳಿಸಿದೆ. ಅದು ಮತ್ತೆ ಮೇಲೆ ಹತ್ತಲಿಲ್ಲ. ಸಂಬಳ ಏರಿತು, ಕಂತು ತೀರಿತು. ಕಾಣಿಕೆಯ ಲಕೋಟೆಯಲ್ಲಿ ಅದೇ ನೂರು ರೂಪಾಯಿ. ಶುದ್ಧ ರೆಸಿಡ್ಯುಯಲ್ ಥಿಯರಿ!

ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಬೆಳೆ ಹಬ್ಬ. ಊರಲ್ಲಾದರೆ ಮನೆಯ ಗದ್ದೆಯ ಭತ್ತ, ತೆಂಗಿನಕಾಯಿ, ಬಾಳೆಗೊನೆ ತಂದು ದೇವರ ಮುಂದಿಡುತ್ತಾರೆ, ಆಮೇಲೆ ಏಲಂ. ಮುಂಬಯಿಯಲ್ಲಿ ಗದ್ದೆ ಎಲ್ಲಿದೆ? ದಾದರ್ ಮಾರ್ಕೆಟ್ಟಿನಿಂದ ಕೊಂಡ ಸೋರೆಕಾಯಿ ತಂದಿಡುತ್ತೇವೆ. ಆ ಏಲಂನಲ್ಲಿ ಒಂದು ವರ್ಷ ಒಂದು ತೆಂಗಿನಕಾಯಿಗೆ ನಾನು ಎರಡು ಸಾವಿರ ಕೂಗಿ ಚಪ್ಪಾಳೆ ಗಿಟ್ಟಿಸಿದೆ. ಮನೆಗೆ ಬರುವಾಗ ಲೋಕಲ್ ರೈಲಿನಲ್ಲಿ ನಮ್ಮ ಮನೆಯವಳು ಮೆಲ್ಲಗೆ ಅಂದಳು: "ಎಲ್ಲರೂ ನೋಡುವಾಗ ಎರಡು ಸಾವಿರ, ಲಕೋಟೆಯಲ್ಲಿ ನೂರು. ತೆಂಗಿನಕಾಯಿ ತುಂಬಾ ಪುಣ್ಯ ಮಾಡಿದೆ ನೋಡಿ." ನಾನು ಕಿಟಕಿಯ ಹೊರಗೆ ನೋಡಿದೆ.

ನಿವೃತ್ತಿಯ ಹಣ ಕೈಗೆ ಬಂದಾಗ ಮಗ ಠಾಣೆಯಲ್ಲಿ ಮೂರು ಕೋಣೆಯ ಫ್ಲಾಟು ನೋಡಿದ್ದ. ಅವನಿಗೆ ಎರಡು ಕೋಣೆಯದ್ದು ಆಗಲೇ ಇತ್ತು. ಮುಂಗಡಕ್ಕೆ ಪಪ್ಪ ಸಹಾಯ ಮಾಡಬಹುದು ಎಂದು ಅವನ ಲೆಕ್ಕ. ಅದು ತಪ್ಪಲ್ಲ, ಈ ಊರಿನಲ್ಲಿ ಎಲ್ಲ ಅಪ್ಪಂದಿರೂ ಮಾಡುವುದೇ. ನಾನು ಒಂದು ರಾತ್ರಿ ಕುಳಿತು ಬೇರೆಯೇ ಲೆಕ್ಕ ಮಾಡಿದೆ. ಕಾಣಿಕೆ ಕೆಳಗಿಳಿದ ತಿಂಗಳಿನಿಂದ ಕೊಡಬೇಕಾಗಿದ್ದ ದಶಮಾಂಶ ಎಷ್ಟು, ಕೊಟ್ಟದ್ದು ಎಷ್ಟು, ಬಾಕಿ ಎಷ್ಟು. ಮೊತ್ತ ನೋಡಿ ಬೆವತುಹೋದೆ. ಹೆಂಡತಿ ಕಾಗದ ನೋಡಿ ನಕ್ಕಳು. "ದೇವರ ಹತ್ತಿರವೂ ಓವರ್‌ಡ್ಯೂ ಲೆಕ್ಕ ಹಾಕ್ತೀರಾ? ಬಡ್ಡಿ ಬಿಟ್ಟಿದ್ದೀರಿ ಅಲ್ಲ?" ಆಮೇಲೆ ಗಂಭೀರವಾಗಿ ಹೇಳಿದಳು: "ಹಳೆಯದನ್ನು ತೀರಿಸಲು ಆಗುವುದಿಲ್ಲ. ಇನ್ನು ಮೇಲಾದರೂ ಮೊದಲ ಸಾಲು ಮೊದಲು ಬರೆಯಿರಿ."

ಹಾಗೆಯೇ ಮಾಡಿದೆವು. ಇಬ್ಬರಿಗೆ ತಿಂಗಳ ಖರ್ಚು ಇಷ್ಟು ಎಂದು ಗೆರೆ ಎಳೆದೆವು. ಪಿಂಚಣಿಯ ತುಟ್ಟಿಭತ್ಯೆ ಏರಿದಾಗ ಏರಿದ್ದು ನಮ್ಮದಲ್ಲ ಎಂದು ಇಟ್ಟುಕೊಂಡೆವು. ನಿವೃತ್ತಿಯ ಹಣದಲ್ಲಿ ಒಂದು ಪಾಲು ಊರಿನ ಒಂದು ವಿದ್ಯಾರ್ಥಿನಿಲಯದ ಮಾಡಿನ ರಿಪೇರಿಗೆ ಹೋಯಿತು. ನಮ್ಮ ಕಟ್ಟಡದ ವಾಚ್‌ಮನ್ನನ ಇಬ್ಬರು ಮಕ್ಕಳ ಶಾಲೆಯ ಫೀಸು ಮೊದಲ ಸಾಲಿಗೆ ಸೇರಿತು. ಅವರು ಉತ್ತರಪ್ರದೇಶದವರು, ನಮ್ಮ ಧರ್ಮದವರಲ್ಲ. ಅದನ್ನು ಕಾಣಿಕೆ ಎಂದು ಬರೆಯಬಹುದೇ ಎಂದು ಸ್ವಲ್ಪ ಯೋಚಿಸಿ, ಹಾಗೆಯೇ ಬರೆದೆ.

ಗೆರೆ ಯಾವಾಗಲೂ ನಿಲ್ಲುತ್ತದೆ ಅಂತ ಹೇಳಲಾರೆ. ವೆಸ್ಲಿಯವರಿಗೆ ಹೆಂಡತಿಯ ಮಂಡಿನೋವಿನ ಔಷಧ, ಗ್ಯಾಸ್ ಸಿಲಿಂಡರ್, ಸೊಸೈಟಿಯ ಚಾರ್ಜು ಇರಲಿಲ್ಲ. 2021ರ ಕೊರೊನಾ ಕಾಲದಲ್ಲಿ ಇಬ್ಬರೂ ಆಸ್ಪತ್ರೆ ಸೇರಿದಾಗ ಗೆರೆ ಪೂರ್ತಿ ಅಳಿಸಿಹೋಯಿತು. ಮತ್ತೆ ಎಳೆದೆವು, ಸ್ವಲ್ಪ ಮೇಲಕ್ಕೆ.

ಮಗನಿಗೆ ಅವನು ಎಣಿಸಿದಷ್ಟು ಕೊಡಲಿಲ್ಲ, ಅದರ ಕಾಲು ಭಾಗ ಕೊಟ್ಟೆ. "ನಿಮ್ಮ ಕಾಲ ಬೇರೆ ಪಪ್ಪಾ" ಎಂದಷ್ಟೇ ಹೇಳಿ ದೊಡ್ಡ ಸಾಲ ಮಾಡಿದ. ಫ್ಲಾಟು ಕೊಂಡ. ಕೆಲವು ತಿಂಗಳು ಅವನ ಫೋನು ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಮಾಡಿದ್ದು ಸರಿ ಎಂದು ಅವನಿಗೆ ಇನ್ನೂ ಅನ್ನಿಸಿಲ್ಲ. ಕೆಲವು ರಾತ್ರಿ ನನಗೂ ಅನುಮಾನ ಬರುತ್ತದೆ. ಮಗನ ಕಂತು ಹಗುರ ಮಾಡುವುದೂ ಒಂದು ಧರ್ಮವಲ್ಲವೇ? ಈಚೆಗೆ ಅಜ್ಜನ ಪುಸ್ತಕವನ್ನು ನೋಡಬೇಕು ಎಂದು ಅವನೇ ಕೇಳಿ ಒಯ್ದಿದ್ದಾನೆ. ಓದಿದನೋ ಇಲ್ಲವೋ ನಾನು ಕೇಳಿಲ್ಲ.

ಪರೇಲಿನ ಆ ಚಾಳು ಈಗ ಇಲ್ಲ. ಕೆಡವಿ ಗೋಪುರದಂಥ ಕಟ್ಟಡ ಎಬ್ಬಿಸಿದ್ದಾರೆ. ಕೆಡವುವ ದಿನ ಹೋಗಿ, ಅಲ್ಲಿದ್ದ ಕಂತ್ರಾಟುದಾರನನ್ನು ಕೇಳಿ ಒಂದು ಹಂಚು ತಂದಿದ್ದೆ. ಅವನು ದುಡ್ಡು ಬೇಡ ಅಂದ. ನಮ್ಮ ಬಾಲ್ಕನಿಯಲ್ಲಿ ಮಲ್ಲಿಗೆಯ ಕುಂಡದ ಕೆಳಗೆ ಅದನ್ನು ಇಟ್ಟಿದ್ದೇವೆ, ಅಚ್ಚು ಕಾಣುವ ಹಾಗೆ. ತಿಂಗಳ ಒಂದನೇ ತಾರೀಕು ಲೆಕ್ಕ ಬರೆಯುವ ಮೊದಲು ಕುಂಡಕ್ಕೆ ನೀರು ಹಾಕುವುದು ನನ್ನ ಕೆಲಸ. ಕೆಲವೊಮ್ಮೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ಸದ್ದು ಇನ್ನೂ ಸರಿಯಾಗಿಯೇ ಇದೆ.